ಹೋಬಳಿಗೊಂದು ಮಳೆ

ರಾಜ್ಯಮಟ್ಟದ ಪತ್ರಿಕೆಗಳ ಪ್ರಕಾರ ಕೊಡಗಿನಲ್ಲಿ ಬೀಳುವುದು ಒಂದೇ ಮಳೆ. ‘ಕೊಡಗಿನಲ್ಲಿ ಭಾರಿ ಮಳೆ’ ಎಂದು ಬರೆದು, ಕೊಡೆ ಹಿಡಿದ ಶಾಲಾ ಮಕ್ಕಳ ಚಿತ್ರವೊಂದನ್ನು ಹಾಕಿದರೆ ಅವುಗಳ ಕೆಲಸ ಮುಗಿಯಿತು. ಮಡಿಕೇರಿಯ ಪತ್ರಿಕೆಗೆ ಆ ಸೌಕರ್ಯವಿಲ್ಲ. ಭಾಗಮಂಡಲಕ್ಕೆ ಎಷ್ಟು, ಶಾಂತಳ್ಳಿಗೆ ಎಷ್ಟು, ಹುದಿಕೇರಿಗೆ, ಬಾಳೆಲೆಗೆ, ಕೊಡ್ಲಿಪೇಟೆಗೆ ಎಷ್ಟು ಎಂದು ಹೋಬಳಿವಾರು ಲೆಕ್ಕ ಒಪ್ಪಿಸಬೇಕು. ಕೊನೆಗೆ ಹಾರಂಗಿ ಜಲಾಶಯದ ಮಟ್ಟ. ಗರಿಷ್ಠ 2,859 ಅಡಿ ಎಂಬುದು ಓದಿ ಓದಿಯೇ ಜನರಿಗೆ ಬಾಯಿಪಾಠವಾಗಿದೆ.

ತಮಾಷೆಯೆಂದರೆ, ಇದನ್ನು ಓದುವವನಿಗೆ ಮಳೆ ಬಂದದ್ದು ಗೊತ್ತೇ ಇರುತ್ತದೆ. ರಾತ್ರಿಯಿಡೀ ಹೆಂಚಿನ ಮೇಲೆ ಅದರ ಸದ್ದು ಕೇಳಿ ನಿದ್ದೆಗೆಟ್ಟವನೇ ಅವನು. ಅನೇಕರ ಅಂಗಳದಲ್ಲಿ ಸ್ವಂತ ಮಳೆಮಾಪಕವಿದೆ, ಅಜ್ಜನ ಕಾಲದಿಂದ ಬರೆದುಕೊಂಡು ಬಂದ ಮಳೆಪುಸ್ತಕವಿದೆ. ಸರ್ಕಾರ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾದರೂ ಕಾಫಿ ಬೆಳೆಗಾರನ ಮಳೆ ಇನ್ನೂ ಇಂಚು, ಸೆಂಟುಗಳಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ‘ನಮ್ಮಲ್ಲಿ ಒಂದು ಇಂಚು ನಲವತ್ತು ಸೆಂಟ್ ಆಗಿದೆ, ಪೇಪರಿನವರು ಕಡಿಮೆ ಹಾಕಿದ್ದಾರೆ’ ಎಂದು ದೂರಲಿಕ್ಕಾದರೂ ಪೇಪರು ಬೇಕು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಯ ದಿನಗಳಲ್ಲಂತೂ ಈ ಅಂಕಿಗಳಿಗೆ ಜಾತಕದ ಗಾಂಭೀರ್ಯ. ಇಂಚು ಬಿದ್ದರೆ ರೋಬಸ್ಟಾ ಕಾಫಿ ಅರಳಿತು. ಹತ್ತಿಪ್ಪತ್ತು ಸೆಂಟ್ ಉದುರಿ ನಿಂತರೆ ಮೊಗ್ಗು ಕೆಟ್ಟಿತು. ಗುಡ್ಡದ ಆಚೆ ಮಗ್ಗುಲಿಗೆ ಸುರಿದು ಈಚೆಗೆ ಸುರಿಯದಿರುವುದು ಈ ಸೀಮೆಯಲ್ಲಿ ಮಾಮೂಲು. ಆಚೆಯವರಿಗೆ ಎಷ್ಟು ಸಿಕ್ಕಿತೆಂದು ತಿಳಿಯಬೇಡವೇ? ಹೊಟ್ಟೆಕಿಚ್ಚಿಗೂ ನಿಖರವಾದ ಅಂಕಿ ಇರಬೇಕು.

ಬಯಲುಸೀಮೆಯ ಹಳ್ಳಿಗಳಲ್ಲಿ ಇಂಥದ್ದೆಲ್ಲ ಅರಳಿಕಟ್ಟೆಯಲ್ಲೇ ಇತ್ಯರ್ಥವಾಗುತ್ತದೆ. ಕೊಡಗಿನಲ್ಲಿ ಮನೆಗಳು ಒತ್ತಾಗಿ ಕೂತಿಲ್ಲ. ತೋಟ, ಗದ್ದೆಗಳ ನಡುವೆ ಒಂದಿಲ್ಲಿ, ಇನ್ನೊಂದು ಕಣ್ಣಿಗೆ ಕಾಣದಷ್ಟು ದೂರದಲ್ಲಿ. ಕಟ್ಟೆ ಕಟ್ಟುವುದಾದರೂ ಎಲ್ಲಿ? ಅದಕ್ಕೇ ಅಚ್ಚಿನ ಕಟ್ಟೆಯೊಂದು ಬೇಕಾಯಿತು ಎಂದು ನನ್ನ ಊಹೆ. ಸ್ವಾತಂತ್ರ್ಯ ಹೋರಾಟದ ಕಾಲಕ್ಕೇ ಪಂದ್ಯಂಡ ಬೆಳ್ಯಪ್ಪನವರ ‘ಕೊಡಗು’ ಪತ್ರಿಕೆಯಿತ್ತು. 1956ರ ನವೆಂಬರಿನಲ್ಲಿ ಕೊಡಗು ರಾಜ್ಯ ಮೈಸೂರಿನಲ್ಲಿ ವಿಲೀನವಾಗಿ ಮಡಿಕೇರಿ ರಾಜಧಾನಿಯ ಪಟ್ಟ ಕಳೆದುಕೊಂಡಿತು, ಮರುವರ್ಷವೇ ಬಿ.ಎಸ್. ಗೋಪಾಲಕೃಷ್ಣರು ‘ಶಕ್ತಿ’ ದಿನಪತ್ರಿಕೆ ತೆಗೆದರು. ವಿಧಾನಸಭೆ ಹೋಗಿ ಪತ್ರಿಕೆ ಬಂದದ್ದು ನಷ್ಟದ ವ್ಯಾಪಾರವೆಂದು ನನಗೇನೂ ಅನ್ನಿಸುವುದಿಲ್ಲ.

ಸಾವಿನ ಸುದ್ದಿಯನ್ನೇ ನೋಡಿ. ಕೊಡವರ ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುವ ಪದ್ಧತಿಯಿದೆ. ಆದರೆ ಕೋವಿಯ ಸದ್ದು ಒಂದು ಕಣಿವೆ ದಾಟುವುದೇ ಹೆಚ್ಚು. ಮುಂದಿನ ಕಣಿವೆಗಳಿಗೆ ನಿಧನದ ಜಾಹೀರಾತೇ ಗತಿ. ಹಾಗಾಗಿ ಹಿರಿಯರು ಮುಖಪುಟವನ್ನು ಮಂತ್ರಿಗಳಿಗೆ ಬಿಟ್ಟುಕೊಟ್ಟು ನೇರವಾಗಿ ಒಳಪುಟಕ್ಕೆ ಹೋಗುತ್ತಾರೆ. ಮನೆ ಹೆಸರು, ಊರು, ಅಂತ್ಯಕ್ರಿಯೆಯ ಹೊತ್ತು ನೋಡಿಕೊಂಡು, ಬಸ್ಸಿನ ಸಮಯ ಲೆಕ್ಕ ಹಾಕುತ್ತಾರೆ. ಆಮೇಲೆ ಕಾಡಾನೆ ಯಾರ ತೋಟದಲ್ಲಿದೆ, ಯಾವ ರಸ್ತೆಗೆ ಮರ ಬಿದ್ದಿದೆ, ಸುಗ್ಗಿಹಬ್ಬ ಹುತ್ತರಿಗೆ ಕದಿರು ತೆಗೆಯಲು ಕಕ್ಕಬ್ಬೆಯ ಇಗ್ಗುತಪ್ಪ ದೇವಸ್ಥಾನದಲ್ಲಿ ಯಾವ ಮುಹೂರ್ತ ಇಟ್ಟರು ಎಂಬ ಸುದ್ದಿಗಳು. ಮಂತ್ರಿಗಳ ಸರದಿ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.

ಕಾಫಿ ಎಂದಾಗ ನೆನಪಾಯಿತು, ದರಪಟ್ಟಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಚೆರ್ರಿ, ಕರಿಮೆಣಸು. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್; ಇಡಿಯಾಗಿ ಒಣಗಿಸಿದ್ದು ಚೆರ್ರಿ. ಮೂಲೆಯ ಆ ಪುಟ್ಟ ಚೌಕವನ್ನು ನಂಬಿ ಬೆಳೆಗಾರ ಮೂಟೆ ಹೇರಿಕೊಂಡು ಪೇಟೆಗೆ ಹೋಗುತ್ತಾನೆ. ಅಲ್ಲಿ ವ್ಯಾಪಾರಿ ಹಿಡಿ ಚೆರ್ರಿ ತೆಗೆದು, ಬಿಡಿಸಿ, ತೂಗಿ ‘ಓಟಿ’ ನೋಡುತ್ತಾನೆ, ಅಂದರೆ ಐವತ್ತು ಕೆ.ಜಿ. ಚೆರ್ರಿಗೆ ಬೀಜ ಎಷ್ಟು ಕೆ.ಜಿ. ಇಳಿಯುತ್ತದೆಂದು. ತೇವಾಂಶ ಬೇರೆ ನೋಡುತ್ತಾನೆ. ಎಲ್ಲ ಕಳೆದು ಕೈಗೆ ಬಂದದ್ದು ಪೇಪರಿನ ದರಕ್ಕಿಂತ ಕಡಿಮೆ. ನಾಳೆಯೂ ಅದೇ ಅಂಗಡಿಗೆ ಹೋಗಬೇಕಾದ್ದರಿಂದ ವ್ಯಾಪಾರಿಯನ್ನು ಬೈಯುವಂತಿಲ್ಲ; ಮನೆಗೆ ಬಂದು ಪೇಪರಿನವರನ್ನು ಬೈಯುತ್ತಾನೆ.