ಕೋರ್ಮನ್ ಅಂದ್ರೆ ಬರೀ ಅಗ್ಗದ ಸಿನಿಮಾ ಅಲ್ಲ

ಕೋರ್ಮನ್ ಬಗ್ಗೆ ನೀವು ಬರೆದ ಲೇಖನ ಓದಿಸಿಕೊಂಡು ಹೋಯ್ತು ಸರ್. ಆದರೆ ಅಮೆರಿಕದ ನಿರ್ಮಾಪಕ-ನಿರ್ದೇಶಕ ರೋಜರ್ ಕೋರ್ಮನ್ ಅವರನ್ನು ‘ಬಿ ದರ್ಜೆ (ಕಮ್ಮಿ ಬಜೆಟ್ಟಿನ) ಚಿತ್ರಗಳ ರಾಜ’ ಅಂತ ಕರೆದು ಎರಡೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೀರಿ. ‘ಲಿಟಲ್ ಶಾಪ್ ಆಫ್ ಹಾರರ್ಸ್’ನ ಬಹುಪಾಲು ಶೂಟಿಂಗನ್ನು ಎರಡು ದಿನದಲ್ಲಿ ಮುಗಿಸಿದ ಕಥೆ ಎಲ್ಲರೂ ಹೇಳ್ತಾರೆ. ನೀವೂ ಹೇಳಿದ್ದೀರಿ, ಸರಿ.

ಬಿಟ್ಟುಹೋಗಿರೋದು 1962ರ ‘ದಿ ಇಂಟ್ರೂಡರ್’. ಬಿಳಿಯರ ಶಾಲೆಗೆ ಕಪ್ಪು ಮಕ್ಕಳು ಸೇರುವುದರ ವಿರುದ್ಧ ಊರನ್ನೇ ಕೆರಳಿಸುವ ಒಬ್ಬ ಭಾಷಣಕಾರನ ಕಥೆ. ಆ ಪಾತ್ರ ಮಾಡಿದ್ದು ವಿಲಿಯಂ ಶಾಟ್ನರ್, ಅವರಿಗೆ ಹೆಸರು ತಂದ ಟಿವಿ ಸರಣಿ ‘ಸ್ಟಾರ್ ಟ್ರೆಕ್’ಗಿಂತ ಮುಂಚೆ. ಕೋರ್ಮನ್ ಸಹೋದರರು ಸ್ವಂತ ದುಡ್ಡು ಹಾಕಿ ತೆಗೆದರು, ಚಿತ್ರ ಮಕಾಡೆ ಮಲಗಿತು. ಆಮೇಲೆ ಆತ್ಮಕಥೆಗೆ ಮಾತ್ರ ‘ನೂರು ಚಿತ್ರ ತೆಗೆದೂ ಬಿಡಿಗಾಸು ಕಳೆದುಕೊಳ್ಳಲಿಲ್ಲ’ ಎಂಬರ್ಥದ ಹೆಸರಿಟ್ಟರು! ವ್ಯಾಪಾರಿ ಅಂದ್ರೆ ವ್ಯಾಪಾರಿನೇ.

ಕೊಪ್ಪೊಲಾ, ಸ್ಕಾರ್ಸೆಸಿ, ಜೊನಾಥನ್ ಡೆಮ್ಮಿ, ರಾನ್ ಹೊವಾರ್ಡ್, ಜೇಮ್ಸ್ ಕ್ಯಾಮರೂನ್‌ರಂಥ ದೊಡ್ಡ ನಿರ್ದೇಶಕರೆಲ್ಲ ಇವರ ಗರಡಿಯಲ್ಲೇ ಪಳಗಿದವರು. ಸಂಬಳ ಕಮ್ಮಿ, ಕೆಲಸ ವಿಪರೀತ. ಅದನ್ನು ಬರೀ ಗುರುಕೃಪೆ ಅನ್ನೋಕೆ ನನಗೆ ಮನಸ್ಸಿಲ್ಲ. ಆದರೂ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ ಕೊಪ್ಪೊಲಾ ಇವರಿಗೆ ಸೆನೆಟರ್ ಪಾತ್ರ ಕೊಟ್ಟಿದ್ದು ನೆನೆದರೆ ಶಿಷ್ಯರಿಗೆ ಬೇಜಾರೇನೂ ಇದ್ದಂತಿಲ್ಲ.

ಇನ್ನೊಂದು ವಿಷಯ. 1970ರಲ್ಲಿ ಕೋರ್ಮನ್ ಶುರು ಮಾಡಿದ ನ್ಯೂ ವರ್ಲ್ಡ್ ಪಿಕ್ಚರ್ಸ್ ಕಂಪನಿ ಒಂದು ಕಡೆ ಜೈಲು, ಬೈಕ್ ಗ್ಯಾಂಗ್ ಸಿನಿಮಾ ಮಾಡ್ತಾ, ಇನ್ನೊಂದು ಕಡೆ ಸ್ವೀಡನ್ನಿನ ಕಲಾತ್ಮಕ ನಿರ್ದೇಶಕ ಬರ್ಗ್‌ಮನ್‌ರ ‘ಕ್ರೈಸ್ ಅಂಡ್ ವಿಸ್ಪರ್ಸ್’, ಇಟಲಿಯ ಫೆಲಿನಿಯ ‘ಅಮರ್‌ಕಾರ್ಡ್’ ಚಿತ್ರಗಳನ್ನು ಅಮೆರಿಕದಲ್ಲಿ ಹಂಚಿಕೆ ಮಾಡಿತು. ಬರ್ಗ್‌ಮನ್‌ರನ್ನು ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರಿಗೂ ಒಯ್ದ ಪುಣ್ಯಾತ್ಮ! ಇದರ ಬಗ್ಗೆಯೇ ಬೇರೆ ಲೇಖನ ಬರೀರಿ ಸರ್.