ಮೊದಲು ಕೇಳಿಸಿಕೊಳ್ಳುವವರಿಗೆ ಹೇಳಿಕೊಡುವುದು ಯಾರು?

ಲೈಂಗಿಕ ದೌರ್ಜನ್ಯದ ಬಗ್ಗೆ ಕಾಲೇಜಿನಲ್ಲಿ ಜಾಗೃತಿ ಕಾರ್ಯಕ್ರಮ ಅಂದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಒಂದೇ ಅಚ್ಚು. ಪ್ರಾರ್ಥನೆ, ದೀಪ, ಸ್ವಾಗತ, ಅತಿಥಿಗಳಿಗೆ ಒಂದು ಹೂವಿನ ಗಿಡ. ಪೊಲೀಸ್ ಅಧಿಕಾರಿಯೋ ವಕೀಲರೋ 40 ನಿಮಿಷ ಮಾತಾಡುತ್ತಾರೆ. ಕರಾಟೆಯ ಎರಡು ಪಟ್ಟು ತೋರಿಸುತ್ತಾರೆ. ವಂದನಾರ್ಪಣೆ, ಚಹಾ, ಗ್ರೂಪ್ ಫೋಟೋ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಒಂದು ವರದಿ. ಮಾತೆಲ್ಲ ಹುಡುಗಿಯರಿಗೇ: ಎಲ್ಲಿಗೆ ಹೋಗಬಾರದು, ಯಾರ ಜೊತೆ ಹೋಗಬಾರದು, ಎಷ್ಟು ಹೊತ್ತಿಗೆ ಹಾಸ್ಟೆಲ್ ಸೇರಬೇಕು.

ನನ್ನ ತಕರಾರು ಇಲ್ಲಿಯೇ. ಇಂಥದ್ದು ಆದಮೇಲೆ ಹುಡುಗಿ ನೇರ ಠಾಣೆಗೆ ಓಡುವುದು ಅಪರೂಪ. ಮೊದಲು ಹೇಳುವುದು ರೂಮ್‌ಮೇಟಿಗೆ, ಇಲ್ಲದಿದ್ದರೆ ಸ್ವಲ್ಪ ಸಲಿಗೆಯ ಒಬ್ಬ ಮೇಡಂಗೆ, ಅದೂ ಆಗದಿದ್ದರೆ ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ. ಮುಂದೆ ಚಿಕಿತ್ಸೆ ಸಿಗುತ್ತದೋ ಇಲ್ಲವೋ, ಸಾಕ್ಷ್ಯ ಉಳಿಯುತ್ತದೋ ತೊಳೆದುಹೋಗುತ್ತದೋ ಎನ್ನುವುದರ ಬಹುಪಾಲು ಆ ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗಿರುತ್ತದೆ. ಆ ಅರ್ಧ ಗಂಟೆಗೆ ನಾವು ಯಾರನ್ನೂ ತಯಾರು ಮಾಡಿಲ್ಲ.

ಇನ್ನೊಂದು ತಪ್ಪು ಲೆಕ್ಕ. 2013ರ ಜೂನಿನಲ್ಲಿ ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿನಿಯನ್ನು ರಿಕ್ಷಾದಲ್ಲಿ ಹೊತ್ತೊಯ್ದ ಪ್ರಕರಣ ಇಲ್ಲಿಯವರ ತಲೆಯಿಂದ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಅದರ ನೆನಪಿನಲ್ಲಿ ದಾರಿದೀಪ, ಕ್ಯಾಮೆರಾ, ಸೆಕ್ಯುರಿಟಿ ಎಲ್ಲ ಬಂತು. ಆದರೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವರದಿಗಳನ್ನು ತೆಗೆದು ನೋಡಿ, ಹೆಚ್ಚಿನ ವರ್ಷಗಳಲ್ಲಿ ಅತ್ಯಾಚಾರ ಪ್ರಕರಣಗಳ ಪೈಕಿ 100ಕ್ಕೆ 90ಕ್ಕಿಂತ ಹೆಚ್ಚು ಕಡೆ ಆರೋಪಿ ಪರಿಚಯದವನೇ. ಸೀನಿಯರ್, ಕ್ಲಾಸ್‌ಮೇಟ್, ಬಾಯ್‌ಫ್ರೆಂಡ್, ಪ್ರಾಜೆಕ್ಟ್ ಗೈಡ್. ಇವರನ್ನು ಹಿಡಿಯಲಿಕ್ಕೆ ಗೇಟಿನ ಸೆಕ್ಯುರಿಟಿಯಿಂದ ಆಗುವುದಿಲ್ಲ, ಅವನು ಗುಡ್ ಮಾರ್ನಿಂಗ್ ಹೇಳಿ ಒಳಗೆ ಬಿಡುವುದೇ ಇವರನ್ನು.

ಹಾಗಾಗಿ ಇದು ಕೇಳಿಸಿಕೊಳ್ಳುವವರಿಗೆ ಬರೆದದ್ದು.

ಅವಳು ಹೇಳಲಿಕ್ಕೆ ಸುರು ಮಾಡಿದಾಗ ನಮ್ಮ ಬಾಯಿಗೆ ತಾನಾಗಿ ಬರುವ ಮೂರು ಮಾತುಗಳಿವೆ. "ಅಲ್ಲಿಗೆ ಹೋಗ್ಲಿಕ್ಕೆ ನಿನ್ನತ್ರ ಯಾರು ಹೇಳಿದ್ದು?" "ಕೂಗ್ಲಿಲ್ವಾ ನೀನು?" "ಮನೆಯವರಿಗೆ ಗೊತ್ತಾದ್ರೆ ಏನ್ಮಾಡ್ತಿ?" ಮೂರನ್ನೂ ನುಂಗಿಕೊಳ್ಳಿ. ಎರಡನೆಯದು ಕೇಳಲಿಕ್ಕೆ ಸಾದಾ ಪ್ರಶ್ನೆ, ಮಾಡುವ ಹಾನಿ ದೊಡ್ಡದು. ವಿಪರೀತ ಭಯದಲ್ಲಿ ಮೈ ಮರಗಟ್ಟಿ, ಗಂಟಲಿನಿಂದ ಸ್ವರವೇ ಹೊರಡದೆ ಇರುವುದು ದೇಹದ ಸಹಜ ಪ್ರತಿಕ್ರಿಯೆ. ಕಾನೂನಿಗೂ ಅದು ಗೊತ್ತಿದೆ. ಮೈಯಲ್ಲಿ ವಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ತಿಳಿಯಕೂಡದು ಎಂದು, ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ವಿವರಣೆಯಲ್ಲೇ ಬರೆದಿದೆ. ಅವಳಿಗೂ ಮೊದಲೇ ಅದೇ ಕೊರಗು ಇರುತ್ತದೆ, ನೀವು ಕೇಳಿದ ಕೂಡಲೇ ಅದು ಗಟ್ಟಿಯಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಕೇಳಬೇಕಾದದ್ದು ಬೇರೆ. ಈಗ ಎಲ್ಲಿದ್ದಿ? ಅವನು ಹತ್ತಿರದಲ್ಲಿದ್ದಾನಾ? ಪೆಟ್ಟಾಗಿದೆಯಾ, ರಕ್ತ ಹೋಗ್ತಾ ಇದೆಯಾ? ನಾನು ಬರ್ಲಾ? ಇಷ್ಟೇ ಸಾಕು. ಇಡೀ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಬೇಡಿ. ಆಘಾತದ ನೆನಪು ಸಾಲಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಆರು ಮಂದಿ ಆರು ಸಲ ಹೇಳಿಸಿದರೆ ಆರು ರೀತಿ ಆಗುತ್ತದೆ, ಆಮೇಲೆ ಆರೋಪಿಯ ವಕೀಲರು ಎತ್ತಿ ಹಿಡಿಯುವುದು ಆ ವ್ಯತ್ಯಾಸವನ್ನೇ. ಅವಳಾಗಿ ಹೇಳಿದ್ದನ್ನು ಅವಳದೇ ಶಬ್ದಗಳಲ್ಲಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಒಂದು ಹಾಳೆಯಲ್ಲಿ ಬರೆದು ತಾರೀಕು, ಗಂಟೆ ಹಾಕಿ ಇಟ್ಟುಕೊಳ್ಳಿ. ನಾಳೆ ನಿಮ್ಮನ್ನು ಸಾಕ್ಷಿಯಾಗಿ ಕರೆದರೆ ನಿಮ್ಮ ನೆನಪಿಗೆ ಅದೇ ಆಧಾರ.

"ಯಾರಿಗೂ ಹೇಳುವುದಿಲ್ಲ, ದೇವರಾಣೆ" ಅಂತ ಮಾತ್ರ ಮಾತು ಕೊಡಬೇಡಿ. ನಮ್ಮಲ್ಲಿ ಪಿಯು, ಡಿಗ್ರಿ ಒಂದೇ ಕಂಪೌಂಡಿನಲ್ಲಿರುವುದು ಸಾಮಾನ್ಯ. ಅವಳಿಗೆ 18 ತುಂಬಿರದಿದ್ದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಇದ್ದರೆ ಅದೇ ಒಂದು ಅಪರಾಧ. ಕೇಸು ಬೇಡ, ಕಾಲೇಜಿನ ಹೆಸರು ಹಾಳಾಗುತ್ತದೆ ಎಂದು ಒಳಗಿಂದೊಳಗೆ ಮುಗಿಸುವ ಪ್ರಾಂಶುಪಾಲರಿಗೂ ಇದು ಅನ್ವಯಿಸುತ್ತದೆ. 18 ಆದವಳಾದರೆ ದೂರು ಕೊಡುವುದೋ ಬಿಡುವುದೋ ಅವಳ ನಿರ್ಧಾರ.

ಇನ್ನು ಬಟ್ಟೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಒಳ್ಳೆಯ ಮನಸ್ಸಿನವರೇ ಹೆಚ್ಚು ಹಾಳು ಮಾಡುವುದು ಇಲ್ಲಿ. ಆಟಿ ತಿಂಗಳು ಅಂದುಕೊಳ್ಳಿ. ಹೊರಗೆ ಧೋ ಅಂತ ಮಳೆ. ಹುಡುಗಿ ಒದ್ದೆಯಾಗಿ, ನಡುಗುತ್ತಾ ರೂಮಿಗೆ ಬರುತ್ತಾಳೆ. ಗೆಳತಿ ಮಾಡುವ ಮೊದಲ ಕೆಲಸ ಬಿಸಿನೀರು ಕಾಯಿಸಿ ಸ್ನಾನ ಮಾಡಿಸುವುದು. ಎರಡನೆಯದು, ಆ ಬಟ್ಟೆ ಕಣ್ಣಿಗೆ ಬೀಳುವುದು ಬೇಡ ಅಂತ ಬಕೆಟಿಗೆ ಹಾಕಿ ಸೋಪು ಹಾಕುವುದು. ಬೇಸರ ಆಗುತ್ತದೆ, ಆದರೂ ಎರಡನ್ನೂ ತಡೆಯಬೇಕು. ಸ್ನಾನ, ತೊಳೆಯುವುದು, ಹಲ್ಲುಜ್ಜುವುದು, ಉಗುರು ಕತ್ತರಿಸುವುದು ಆಸ್ಪತ್ರೆಯ ಪರೀಕ್ಷೆ ಮುಗಿಯುವ ತನಕ ಬೇಡ. ಹೊದಿಕೆ ಹೊದೆಸಿ ಕೂರಿಸಿ. ಬಟ್ಟೆ ಬದಲಿಸಲೇಬೇಕಾದರೆ ತೆಗೆದದ್ದನ್ನು ಕೊಡವಬೇಡಿ, ಮಡಚಿ ಒತ್ತಬೇಡಿ. ಒಳಬಟ್ಟೆ, ಪ್ಯಾಡ್ ಸಹಿತ ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ತೊಟ್ಟೆ ಖಂಡಿತ ಬೇಡ. ನಮ್ಮ ಮಳೆಗಾಲದ ತೇವಕ್ಕೆ ತೊಟ್ಟೆಯೊಳಗಿನ ಬಟ್ಟೆ ಬೆವತು ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಪ್ರಯೋಗಾಲಯಕ್ಕೆ ಬೇಕಾದ ಕಲೆ ಕೊಳೆತುಹೋಗುತ್ತದೆ. ಒದ್ದೆ ಇದ್ದರೆ ಬಿಸಿಲಿಗೆ, ಇಸ್ತ್ರಿಗೆ ಕೊಡದೆ ನೆರಳಲ್ಲಿ ಗಾಳಿಗೆ ಒಣಗಿಸಬೇಕು. ಹೊರಡುವ ಹೊತ್ತಾಗಿದ್ದರೆ ಅದನ್ನು ಆಸ್ಪತ್ರೆಯವರೇ ಮಾಡುತ್ತಾರೆ, ಒದ್ದೆ ಬಟ್ಟೆಯಲ್ಲೇ ಕರೆದುಕೊಂಡು ಹೋಗಿ.

ಏನೋ ಬೆರೆಸಿ ಕುಡಿಸಿದ್ದಾರೆ ಎಂಬ ಸಂಶಯ ಇದ್ದರೆ ಮೊದಲ ಮೂತ್ರವನ್ನೇ ಶುದ್ಧ ಬಾಟಲಿಯಲ್ಲಿ ಹಿಡಿದು ಮುಚ್ಚಿ ತೆಗೆದುಕೊಂಡು ಹೋಗಿ. ಇಂಥ ಕೆಲವು ಔಷಧಿಗಳು ಅರ್ಧ ದಿನದೊಳಗೆ ಮೈಯಿಂದ ಹೊರಟುಹೋಗುತ್ತವೆ.

ಸ್ನಾನ ಆಗಿಹೋಗಿದ್ದರೆ? ಆದರೂ ಹೊರಡಿ. ಎಲ್ಲ ಮುಗಿಯಿತು ಅಂತ ಕೂರಬೇಡಿ. ದೇಹದಿಂದ ಮಾದರಿ ತೆಗೆಯಲಿಕ್ಕೆ ಸುಮಾರು 96 ಗಂಟೆಯವರೆಗೆ ಅವಕಾಶ ಇದೆ, ಬೇಗ ಹೋದಷ್ಟು ಒಳ್ಳೆಯದು. ಸಾಕ್ಷ್ಯದ ಮಾತು ಬಿಡಿ, ಚಿಕಿತ್ಸೆಗೂ ಗಡುವು ಇದೆ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಸುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ಗರ್ಭ ತಡೆಯುವ ಮಾತ್ರೆ, ಅಂದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 72 ಗಂಟೆಯೊಳಗೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. 120 ಗಂಟೆಯವರೆಗೂ ಕೊಡುವುದುಂಟು, ತಡವಾದ ಹಾಗೆ ಪರಿಣಾಮ ಇಳಿಯುತ್ತದೆ. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕಾಗುತ್ತದೆ. ಮೆಡಿಕಲ್ ಶಾಪಿನಿಂದ ಇದೊಂದು ಮಾತ್ರೆ ತಂದು ನುಂಗಿಸಿ ಎಲ್ಲ ಆಯಿತು ಅಂತ ಮಲಗಿಬಿಡುವುದು ಬಹಳ ನಡೆಯುತ್ತದೆ. ಎಚ್‌ಐವಿಯ 72 ಗಂಟೆ ಅಷ್ಟರಲ್ಲಿ ಕಳೆದಿರುತ್ತದೆ.

ಮಂಗಳೂರಿನಲ್ಲಿ ಲೇಡಿಗೋಷನ್, ವೆನ್ಲಾಕ್ ಸರಕಾರಿ ಆಸ್ಪತ್ರೆಗಳಿವೆ. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಖಾಸಗಿ ಆಸ್ಪತ್ರೆ ಹತ್ತಿರವಾದರೆ ಅಲ್ಲಿಗೂ ಹೋಗಬಹುದು. "ಇದು ಪೊಲೀಸ್ ಕೇಸು, ನಾವು ಮುಟ್ಟುವುದಿಲ್ಲ", "ಮೊದಲು ಅಡ್ವಾನ್ಸ್ ಕಟ್ಟಿ" ಅಂತ ಕೌಂಟರಿನಲ್ಲಿ ಹೇಳಿದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ಅಂತ ನೆನಪಿಸಿ. ಸರಕಾರಿ, ಖಾಸಗಿ ಯಾವುದೇ ಇರಲಿ, ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು. ಎಫ್‌ಐಆರ್ ಆಗದೆ ಪರೀಕ್ಷೆ ಇಲ್ಲ ಅನ್ನುವುದೂ ತಪ್ಪು. 18 ದಾಟಿದ್ದರೆ ಸಹಿ ಅವಳದೇ, ಅಪ್ಪ ಅಮ್ಮ ಬರುವ ತನಕ ಕಾಯಬೇಕಾಗಿಲ್ಲ. ಚಿಕಿತ್ಸೆಗೆ ಮಾತ್ರ ಒಪ್ಪಿ ಪರೀಕ್ಷೆ ಬೇಡ ಅನ್ನಬಹುದು, ಪರೀಕ್ಷೆಯ ಯಾವುದೋ ಒಂದು ಭಾಗ ಬೇಡ ಅನ್ನಬಹುದು. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 2013ರಲ್ಲೇ ತಪ್ಪೆಂದಿತು, 2022ರಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಯಾರಾದರೂ ಹೊರಟರೆ ತಡೆಯುವ ಹಕ್ಕು ಅವಳಿಗಿದೆ. ಮೈಮೇಲೆ ಗಾಯ ಕಾಣದಿದ್ದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ, ಇದನ್ನು ಜೊತೆಗೆ ಬಂದವರೂ ತಿಳಿದಿರಬೇಕು.

ಪೊಲೀಸ್ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಂಡೇಶ್ವರದ ಮಹಿಳಾ ಠಾಣೆಗೇ ಹೋಗಬೇಕೆಂದಿಲ್ಲ, ಯಾವ ಠಾಣೆಯೂ ಆಗುತ್ತದೆ. ಕಾಸರಗೋಡಿನಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಹುಡುಗಿ ಅಲ್ಲಿಯೇ ಝೀರೋ ಎಫ್‌ಐಆರ್ ಮಾಡಿಸಬಹುದು, ಅದು ಇಲ್ಲಿಗೆ ವರ್ಗವಾಗುತ್ತದೆ. ಹೇಳಿಕೆ ಬರೆದುಕೊಳ್ಳಬೇಕಾದದ್ದು ಮಹಿಳಾ ಅಧಿಕಾರಿ, ಅತ್ಯಾಚಾರದ ದೂರಾದರೆ ಅವಳ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ. ಎಫ್‌ಐಆರ್ ಪ್ರತಿ ಪುಕ್ಕಟೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ವಕೀಲರಿಗೆ 15100. ಚಿಕಿತ್ಸೆ, ಪೊಲೀಸ್, ವಕೀಲರ ನೆರವು ಒಂದೇ ಕಡೆ ಸಿಗುವ ಸಖಿ ಕೇಂದ್ರ ಜಿಲ್ಲೆಗೊಂದು ಇದೆ, ದಾರಿ 181ರವರೇ ಹೇಳುತ್ತಾರೆ.

ಈಗ ಕಾಲೇಜಿನ ಆಂತರಿಕ ದೂರು ಸಮಿತಿ, ಎಲ್ಲರೂ ಕರೆಯುವ ಹಾಗೆ ಐಸಿಸಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, 2015ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಎರಡೂ ಇದಕ್ಕೆ ಆಧಾರ. ನಿಮ್ಮ ಕಾಲೇಜಿನ ಬೋರ್ಡು ಎಲ್ಲಿದೆ ನೋಡಿ. ಸಾಧಾರಣವಾಗಿ ಆಫೀಸಿನ ಪಕ್ಕ, ಫೀಸಿನ ನೋಟೀಸು, ಕಳೆದ ವರ್ಷದ ಕ್ರೀಡಾಕೂಟದ ಪಟ್ಟಿ, ಅದರಡಿಯಲ್ಲಿ ಮಾಸಿದ ಒಂದು ಎ4 ಹಾಳೆ. ಅದರಲ್ಲಿರುವ ಹೆಸರುಗಳನ್ನು ಓದಿ. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರೇ? ಹೊರಗಿನ ಸಂಸ್ಥೆಯ ಸದಸ್ಯರು ಇದ್ದಾರಾ, ಅಥವಾ ಆಡಳಿತ ಮಂಡಳಿಯ ಯಾರದೋ ಪರಿಚಯದ ವಕೀಲರಾ? ಅರ್ಧ ಮಂದಿಯಾದರೂ ಮಹಿಳೆಯರಾ? ವಿದ್ಯಾರ್ಥಿಗಳ ವಿಷಯ ಬಂದಾಗ ಮೂವರು ವಿದ್ಯಾರ್ಥಿಗಳೂ ಇರಬೇಕು, ಅವರು ಚುನಾವಣೆಯಿಂದ ಬರಬೇಕು. ಚುರುಕಾದ, ಮಾತು ಕೇಳುವ ಮಕ್ಕಳನ್ನು ಪ್ರಾಂಶುಪಾಲರು ಆರಿಸಿ ಹಾಕಿದರೆ ಅದು ನಿಯಮ ಅಲ್ಲ. ಡೀನ್, ವಿಭಾಗ ಮುಖ್ಯಸ್ಥರು ಸಮಿತಿಯಲ್ಲಿ ಇರಲೇಬಾರದು. ಇದ್ದರೆ ಇಡೀ ವಿಚಾರಣೆಯನ್ನು ಆಮೇಲೆ ಯಾರಾದರೂ ಪ್ರಶ್ನಿಸಬಹುದು, ಅವಳು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ದೂರು ಮೂರು ತಿಂಗಳೊಳಗೆ ಕೊಡಬೇಕು. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಬಿಡಬಹುದು. ಈ ಗಡುವು ಸಮಿತಿಗೆ ಮಾತ್ರ, ಅತ್ಯಾಚಾರಕ್ಕೆ ಪೊಲೀಸ್ ದೂರು ಕೊಡಲಿಕ್ಕೆ ಕಾಲಮಿತಿ ಇಲ್ಲ. ಅವಳಿಗೆ ಬರೆಯಲಿಕ್ಕೆ ಆಗದಿದ್ದರೆ ಬರೆದುಕೊಡುವ ಕೆಲಸ ಸಮಿತಿಯದೇ. ದೂರಿನ ಪ್ರತಿ 7 ದಿನದಲ್ಲಿ ಆರೋಪಿಗೆ, ಅವನ ಉತ್ತರ 10 ದಿನದಲ್ಲಿ, ವಿಚಾರಣೆ 90 ದಿನದಲ್ಲಿ, ವರದಿ ಮತ್ತೆ 10 ದಿನದಲ್ಲಿ, ಕ್ರಮ 30 ದಿನದಲ್ಲಿ. ಪೊಲೀಸರಿಗೆ ದೂರು ಹೋಗಿದೆ ಅಂತ ಸಮಿತಿ ಕೈಕಟ್ಟಿ ಕೂರುವ ಹಾಗಿಲ್ಲ, ಸಮಿತಿಗೆ ಕೊಟ್ಟಿದ್ದಾಳೆ ಅಂತ ಪೊಲೀಸರೂ ಕೂರುವ ಹಾಗಿಲ್ಲ. ರಾಜಿ ಮಾತುಕತೆ ಅವಳೇ ಕೇಳಿದರೆ ಮಾತ್ರ, ಅದರಲ್ಲಿ ದುಡ್ಡಿನ ಲೆಕ್ಕ ಬರಕೂಡದು. ಇನ್ನು, ಆರೋಪ ಸಾಬೀತಾಗಲಿಲ್ಲ ಎಂಬುದಕ್ಕೇ ದೂರು ಸುಳ್ಳು ಅಂತ ಶಿಕ್ಷೆ ಕೊಡುವಂತಿಲ್ಲ.

ಇಷ್ಟೆಲ್ಲ ಗಡುವಿನ ನಡುವೆ ಯಾರೂ ನೋಡದ ಒಂದು ಗಡುವಿದೆ: ಸಿಸಿಟಿವಿಯ ದೃಶ್ಯ ದಾಖಲಾಗುವ ಪೆಟ್ಟಿಗೆ, ಡಿವಿಆರ್. ಬಹಳ ಕಡೆ 15ರಿಂದ 30 ದಿನಕ್ಕೆ ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ. ಸಮಿತಿ ಮೊದಲ ಸಭೆ ಸೇರುವ ಹೊತ್ತಿಗೆ ಕಾರಿಡಾರಿನ ದೃಶ್ಯ ಮಾಯ. ಹಾಗಾಗಿ ದೂರಿನ ದಿನವೇ ಎರಡು ಸಾಲಿನ ಪತ್ರ: ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆ, ಇಂಥ ಗೇಟು, ಇಂಥ ಮಹಡಿಯ ದೃಶ್ಯಗಳನ್ನು ಅಳಿಸದೆ ತೆಗೆದಿಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಬರೀ ಹೆಸರಲ್ಲ, ನಂಬರು, ತಾರೀಕು ಕಾಣಬೇಕು. ಮೂಲ ಫೋನನ್ನು ಮಾರುವುದು, ಫಾರ್ಮ್ಯಾಟ್ ಮಾಡುವುದು ಬೇಡ.

ಹುಡುಗರ ಮೇಲೆ ಆಗುವುದಿಲ್ಲವೇ ಅಂತ ಕೇಳುವವರಿದ್ದೀರಿ. ಆಗುತ್ತದೆ, ಹಾಸ್ಟೆಲ್ ರ‍್ಯಾಗಿಂಗಿನ ಹೆಸರಿನಲ್ಲಿ ಆಗುತ್ತದೆ. ಅತ್ಯಾಚಾರದ ಕಲಮಿನೊಳಗೆ ವಯಸ್ಕ ಗಂಡಸು ಸಂತ್ರಸ್ತನಾಗಿ ಬರುವುದಿಲ್ಲ, ಅಂಥವನಿಗೆ ಆಸರೆಯಾಗಿದ್ದ ಐಪಿಸಿಯ ಹಳೆಯ 377ನೇ ಕಲಮಿನಂಥದ್ದನ್ನೂ ಹೊಸ ಸಂಹಿತೆ ಉಳಿಸಿಕೊಳ್ಳಲಿಲ್ಲ. ಆದರೆ ಯುಜಿಸಿ ನಿಯಮ ಹುಡುಗರನ್ನೂ ತೃತೀಯ ಲಿಂಗಿಗಳನ್ನೂ ಹೆಸರಿಸಿಯೇ ಹೇಳುತ್ತದೆ. ಸಮಿತಿ ಅವರ ದೂರನ್ನು ನಕ್ಕು ಕಳಿಸುವ ಹಾಗಿಲ್ಲ.

ನಮ್ಮ ಊರಿಗೇ ವಿಶೇಷವಾದ ಒಂದು ಗಂಟು ಇದೆ, ಹೇಳದೆ ಹೋದರೆ ಈ ಬರಹ ಅರ್ಧ ಸುಳ್ಳು. ಇಲ್ಲಿ ಹುಡುಗಿ ಬಾಯಿ ಬಿಟ್ಟರೆ ಮೊದಲ ಪ್ರಶ್ನೆ "ಹುಡುಗ ಯಾವ ಜಾತಿ, ಯಾವ ಧರ್ಮ?" ಬೀಚಿಗೆ, ಬರ್ತ್‌ಡೇ ಪಾರ್ಟಿಗೆ ಹೋದದ್ದೇ ತಪ್ಪು ಅಂತ ಬೀದಿಯಲ್ಲಿ ತೀರ್ಪು ಕೊಡುವವರಿದ್ದಾರೆ. ನೈತಿಕ ಪೊಲೀಸ್‌ಗಿರಿಯ ಹೆಸರಿನಲ್ಲಿ ಮಂಗಳೂರಿನಲ್ಲಿ ನಡೆದ 2009ರ ಪಬ್ ದಾಳಿ, 2012ರ ಪಡೀಲಿನ ಹೋಂಸ್ಟೇ ದಾಳಿ ಎರಡರಲ್ಲೂ ಹುಡುಗಿಯರು ಪೆಟ್ಟು ತಿಂದರು. ಗೆಳೆಯನ ರೂಮಿನಲ್ಲಿ ಆದದ್ದನ್ನು ಹೇಳಿದರೆ ತನ್ನ ಹೆಸರು ಸಂಜೆಯೊಳಗೆ ಹತ್ತು ಗ್ರೂಪುಗಳಲ್ಲಿ ಓಡಾಡುತ್ತದೆ, ಗಲಾಟೆಯ ಸರಕಾಗುತ್ತದೆ ಅಂತ ಅವಳಿಗೆ ಗೊತ್ತು. ಅದಕ್ಕೇ ಸುಮ್ಮನಿರುತ್ತಾಳೆ, ಮಾಡಿದವನಿಗೂ ಅವಳು ಸುಮ್ಮನಿರುತ್ತಾಳೆ ಅಂತ ಗೊತ್ತಿರುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಗೊತ್ತಾಗುವ ಹಾಗೆ ಏನೇ ಪ್ರಕಟಿಸಿದರೂ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಕಾಲೇಜು, ಬ್ಯಾಚು, ಊರು ಬರೆದು ಹೆಸರು ಮಾತ್ರ ಬಿಟ್ಟು "ನ್ಯಾಯ ಕೊಡಿ" ಅಂತ ಸ್ಟೇಟಸ್ ಹಾಕುವವರಿಗೆ ಇದು ನೆನಪಿರಲಿ. ಬ್ಯಾಚು, ಊರು ಗೊತ್ತಾದರೆ ಹೆಸರು ಹುಡುಕಲಿಕ್ಕೆ ನಮ್ಮವರಿಗೆ ಐದು ನಿಮಿಷ ಸಾಕು.

ಮುಂದಿನ ಕಾರ್ಯಕ್ರಮ ಇಟ್ಟುಕೊಳ್ಳುವವರಿಗೆ ಒಂದು ಸಲಹೆ. ಸಭಾಂಗಣ ಬೇಡ, 25 ಮಂದಿಯ ಕ್ಲಾಸ್‌ರೂಮು ಸಾಕು. ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಹತ್ತು ನಿಮಿಷ. "ಯಾಕೆ" ಎಂಬ ಶಬ್ದ ಎಷ್ಟು ಸಲ ಬಂತು ಅಂತ ಮೂರನೆಯವರು ಎಣಿಸಲಿ. ಆಮೇಲೆ ಒಂದು ಕಾಗದದ ಚೀಲ, ಒಂದು ತೊಟ್ಟೆ ಮೇಜಿನ ಮೇಲಿಟ್ಟು ವ್ಯತ್ಯಾಸ ಹೇಳಿ. ಇದೇ ತರಗತಿಯನ್ನು ಹಾಸ್ಟೆಲಿನ ವಾರ್ಡನ್, ಗುಡಿಸುವ ಅಕ್ಕಂದಿರು, ಮೆಸ್ಸಿನವರು, ಕಾಲೇಜು ಬಸ್ಸಿನ ಡ್ರೈವರು ಎಲ್ಲರಿಗೂ ಮಾಡಿ, ಬೆಳಗ್ಗೆ ಬಾತ್‌ರೂಮಿನಲ್ಲಿ ಅಳುವವಳನ್ನು ಮೊದಲು ಕಾಣುವುದು ಆ ಅಕ್ಕಂದಿರೇ. ಅವರಿಗೆ ತುಳುವಿನಲ್ಲಿ ಮಾಡಬೇಕು, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಮೂರು ಗಂಟೆಗೆ ಇಟ್ಟುಕೊಳ್ಳಬೇಕು. ಬೆಳಗ್ಗೆ ಹತ್ತಕ್ಕೆ ಕರೆದರೆ ಅವರಲ್ಲಿ ಒಬ್ಬರಿಗೂ ಬರಲಿಕ್ಕಾಗುವುದಿಲ್ಲ.