ಬಾವಿಗೆ ಬಂತು ಅಭಿವೃದ್ಧಿ

ನಮ್ಮೂರ ಹಳೇ ಮೆಟ್ಟಿಲು ಬಾವಿ ಅಭಿವೃದ್ಧಿ ಆತ್ರಿ. ಸುತ್ತ ಗ್ರಿಲ್ ಬಂತು, ಗ್ರಿಲ್‌ಗೆ ಗೇಟು ಬಂತು, ಗೇಟಿಗೆ ಕೀಲಿ ಬಂತು, ಕೀಲಿಕೈ ಯಾರತ್ರ ಐತಿ ಅಂತ ಕೇಳಿದ್ರ ಪಂಚಾಯ್ತಿಯವ್ರು ಗುತ್ತಿಗೆದಾರನ ಕಡೆ ಬಟ್ಟು ಮಾಡ್ತಾರ, ಆತ ಬಿಲ್ ಆಗ್ಲಿ ತಡೀರಿ ಅಂತಾನ.

ಉದ್ಘಾಟನೆ ದಿನದ ಕತಿ ಕೇಳ್ರಿ. ಸುತ್ತಮುತ್ತ ಹೊಲದಾಗೆಲ್ಲಾ ಬೋರ್ ಕೊರ್ಸಿ ಬಾವಿ ಯಾವಾಗೋ ಬತ್ತೈತಿ, ಸಾಹೇಬ್ರು ಬಾಗಿನ ಬಿಡೋದು ಎಲ್ಲಿ? ಅದಕ್ಕ ಮುಂಜಾನೆ ಓಣಿಗೆ ಬರಬೇಕಾದ ಟ್ಯಾಂಕರ್ ತಿರುಗ್ಸಿ ಬಾವ್ಯಾಗ ಸುರುವಿದ್ರು. ಕೊಡ ಹಿಡಕೊಂಡು ಪಾಳಿ ನಿಂತಿದ್ದ ಹೆಣ್ಮಕ್ಕಳ ಕಣ್ಮುಂದೇ ಸಾಹೇಬ್ರು ಟ್ಯಾಂಕರ್ ನೀರಿಗೆ ಬಾಗಿನ ಬಿಟ್ಟು, ಗಂಗಾಮಾತೆ ತುಂಬಿ ಬಂದಾಳ ಅಂತ ಭಾಷಣ ಬ್ಯಾರೆ ಮಾಡಿ ಹೋದ್ರು!

ಮೊದ್ಲು ಬೇಸಿಗಿ ರಜಾ ಬಂತಂದ್ರ ಹುಡುಗ್ರು ಬೆನ್ನಿಗೆ ಡಬ್ಬಿ ಕಟ್ಕೊಂಡು ಇಲ್ಲೇ ಈಜು ಕಲೀತಿದ್ರು, ನಡುಮಟ್ಟದ ತಂಪು ಕಲ್ಲಿನ ಮ್ಯಾಲೆ ಕುಂತು ಹೆಣ್ಮಕ್ಕಳು ಸೊಸಿದು ಅತ್ತಿದು ಎಲ್ಲಾ ಪಂಚಾಯ್ತಿ ಮುಗಿಸ್ತಿದ್ರು (ಈಗಿನ ಪಂಚಾಯ್ತಿಗಿಂತ ಲಗೂ ಮುಗೀತಿತ್ತು). ಮೊನ್ನೆ ಒಂದು ಮದುವಿ ಮಂದಿ ಗಂಗಿಪೂಜಿಗೆ ಬಂದು, ಗೇಟು ತೆಗಿಯೋರು ಯಾರೂ ಸಿಗದ ಕೀಲಿಗೇ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು ಹೋದ್ರು.

ಇಲ್ಲೇ ಹೊಳಿ ದಾಟಿ ಹಂಪಿಗೆ ಹೋಗ್ರಿ, ರಾಜರ ಆವರಣದಾಗ ಕಪ್ಪು ಕಲ್ಲಿನ ಪುಷ್ಕರಣಿ ಐತಿ. ಒಂದೊಂದು ಕಲ್ಲಿನ ಮ್ಯಾಲೂ ಅದು ಯಾವ ದಿಕ್ಕಿಂದು, ಯಾವ ಸಾಲಿಂದು, ಎಷ್ಟನೇದು ಅಂತ ಗುರುತು ಕೊರದಾರ. ನಮ್ಮ ಬಾವಿ ಮುಂದೂ ಕಲ್ಲು ಹಾಕ್ಯಾರ, ಗ್ರಾನೈಟು. ಅದ್ರಾಗ ಸಾಹೇಬ್ರಿಂದ ಹಿಡದು ವಾರ್ಡ್ ಮೆಂಬರ್ ತನಕ ಎಲ್ಲಾರ ಹೆಸರೂ ಐತಿ, ಬಾವಿ ಯಾರು ಕಟ್ಟಿಸಿದ್ರು ಅನ್ನೋದಕ್ಕ ಜಾಗ ಸಾಲಲಿಲ್ಲಂತ. ಒಳಗಿನ ಹಳೇ ಪಾವಟಿಗಿ ಕಿತ್ತಿ ಟೈಲ್ಸ್ ಹಾಕ್ಯಾರ, ಬಾತ್‌ರೂಮಿಂದು, ಡಾಲ್ಫಿನ್ ಚಿತ್ರ ಇರೋವು.

ಆ ಹಂಪಿ ಪುಷ್ಕರಣಿ 1980ರ ದಶಕದಾಗ ಅಗೆಯೋ ತನಕ ಮಣ್ಣಾಗ ಮುಚ್ಚಿತ್ತು. ನೂರರ ನೋಟಿನ ಹಿಂದ ಇರೋ ಗುಜರಾತಿನ ರಾಣಿ ಕೀ ವಾವ್ ಅನ್ನೋ ಮೆಟ್ಟಿಲು ಬಾವಿ ಕೂಡ ಸರಸ್ವತಿ ನದಿ ಹೂಳಿನ್ಯಾಗ ನೂರಾರು ವರ್ಷ ಮುಚ್ಕೊಂಡು ಕುಂತಿತ್ತು, ಕೆತ್ತನೆ ಉಳದಿದ್ದಕ್ಕ 2014ರಾಗ ಯುನೆಸ್ಕೋ ಪಟ್ಟಿಗೂ ಸೇರ್ತು. ಹೂಳು ಕಾದಂಗ ಯಾವ ಸಮಿತಿ ಕಾಯ್ತೈತಿ ಹೇಳ್ರಿ. ಭೂಮಿ ಒಳಗ ಇದ್ದಾಗ ಎಸ್ಟಿಮೇಟ್ ಮಾಡೋರ ಕಣ್ಣಿಗೆ ಬೀಳಂಗಿಲ್ಲ ನೋಡ್ರಿ.

ಅದಕ್ಕ ನಾವೂ ಊರವ್ರು ಸೇರಿ ಅರ್ಜಿ ಬರದೀವಿ, ನಮ್ಮ ಬಾವಿನೂ ಮಣ್ಣು ಹಾಕಿ ಮುಚ್ಚಿಬಿಡ್ರಿ, ಮುಂದ ಯಾರರ ಶಾಣ್ಯಾರು ಬಂದು ಅಗದು ನೋಡ್ಲಿ ಅಂತ. ಅರ್ಜಿ ಓದಿದ ಸಾಹೇಬ್ರು ಭಾಳ ಖುಷಿಯಾಗಿ, ಮಣ್ಣು ಹಾಕಾಕ ಒಂದು ಟೆಂಡರು, ಮುಂದ ಅದನ್ನ ತಗಿಯಾಕ ಇನ್ನೊಂದು ಟೆಂಡರು, ಎರಡೂ ಒಮ್ಮೆಗೇ ಕರದುಬಿಡೋಣ ಅಂದಾರ.